ಸಂಪಾದಕರ ಉತ್ತರ: ಸಾಗವಾನಿ ತೋಪಿಗೆ ಬೆಳಕು ಬಿಡಿ

ಪ್ರಿಯ ಓದುಗರೇ,

ಕಲಘಟಗಿ ತಾಲ್ಲೂಕಿನಿಂದ ನೀವು ಬರೆದ ಪತ್ರ ತಲುಪಿದೆ. ನಾಲ್ಕು ಎಕರೆಯಲ್ಲಿ 2 ಮೀಟರ್ ಅಂತರಕ್ಕೆ ಹಚ್ಚಿದ ಸಾಗವಾನಿಗೆ ಈಗ 7 ವರ್ಷ. ಗಿಡಗಳು ಗಳದಂತೆ ಸಪೂರ, ಕೆಳಗೆ ಹುಲ್ಲಿಲ್ಲ, ಹಕ್ಕಿಯ ದನಿಯಿಲ್ಲ ಎಂದಿದ್ದೀರಿ. ಬೆಳಕಿಗಾಗಿ ಅರ್ಧ ಗಿಡ ಕಡಿದರೆ ಹಕ್ಕಿಗೆ ಲಾಭ, ನಮಗೆ ನಷ್ಟವಲ್ಲವೇ ಎಂದು ಕೇಳಿದ್ದೀರಿ.

ನಷ್ಟ ಆಗುತ್ತಿರುವುದು ಕಡಿಯದೆ ಬಿಟ್ಟದ್ದರಿಂದ. ಎಕರೆಗೆ ಸುಮಾರು 1,000 ಗಿಡ ಹಚ್ಚುವುದು ಎಲ್ಲವನ್ನೂ ಮರ ಮಾಡಲಿಕ್ಕಲ್ಲ. ನೆಟ್ಟಗೆ ಎದ್ದವುಗಳಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳಲಿಕ್ಕೆ. ಸಾಗವಾನಿ ನೆರಳು ತಾಳುವುದಿಲ್ಲ. ತಲೆಗೆ ತಲೆ ತಾಗಿದ ಮೇಲೆ ಕೆಳಗಿನ ಟೊಂಗೆ ಒಣಗಿ ಎಲೆ ತುದಿಗಷ್ಟೇ ಉಳಿಯುತ್ತದೆ, ಕಾಂಡ ದಪ್ಪಗಾಗುವುದು ನಿಲ್ಲುತ್ತದೆ. ನೆಲಕ್ಕೆ ಬಿಸಿಲು ಬೀಳದೆ ಹುಲ್ಲು, ಕಂಟಿ ಏಳುವುದಿಲ್ಲ. ಮಳೆ ಬರುವಾಗ ತೋಪಿನ ನೆಲ ನೋಡಿ: ಅಗಲ ಎಲೆಯ ಮೇಲೆ ಸಣ್ಣ ಹನಿಗಳು ಕೂಡಿ ದಪ್ಪ ಹನಿಯಾಗಿ ಬೀಳುತ್ತವೆ, ಬೋಳು ಮಣ್ಣು ಚಿಮ್ಮಿ ಕಾಂಡದ ಬುಡಕ್ಕೆ ಹತ್ತುತ್ತದೆ. ನಾಲ್ಕಾರು ಮಳೆಗಾಲ ಹೀಗೇ ಹೋದರೆ ಬೇರು ಹೊರಗೆ ಕಾಣುತ್ತವೆ. ಉದುರಿದ ಎಲೆಯೇ ಆ ಮಣ್ಣಿಗೆ ಹೊದಿಕೆ, ಹಾಗಾಗಿ ಅದಕ್ಕೆ ಬೆಂಕಿ ಹಚ್ಚಬೇಡಿ. ಬೆಂಕಿಯ ಭಯಕ್ಕೆ ತೋಪಿನ ಸುತ್ತ 3 ಮೀಟರ್ ಅಗಲ ಗುಡಿಸಿ ಇಡಿ, ಸಾಕು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ ಮೊದಲು ಉತಾರ (ಪಹಣಿ) ಹಿಡಿದು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ಕಡಿಯಲು, ಸಾಗಿಸಲು ಅನುಮತಿ ಪಡೆಯಿರಿ. ಆಮೇಲೆ ಚದುರಂಗದ ಮಣೆಯ ಕಪ್ಪು ಮನೆಗಳಂತೆ ಒಂದು ಬಿಟ್ಟು ಒಂದಕ್ಕೆ, ಕಡಿಯಲಿಕ್ಕೆಂದು ಸುಣ್ಣದ ಗುರುತು ಹಾಕಿ. ಗುರುತು ಬಿದ್ದದ್ದು ದಪ್ಪ, ಪಕ್ಕದ್ದು ಸೊಟ್ಟಗಿದ್ದರೆ ಅದಲು ಬದಲು ಮಾಡಿ. ಲೆಕ್ಕಕ್ಕಿಂತ ಕಣ್ಣು ಮುಖ್ಯ. ಎಲೆ ಉದುರಿದ ಮೇಲೆ ಕಡಿಯಿರಿ. ಎಕರೆಗೆ 500 ಗಿಡ, 2.8 ಮೀಟರ್ ಅಂತರ ಉಳಿಯುತ್ತದೆ. ತಲೆಗಳು ಮತ್ತೆ ಕೂಡಿಕೊಂಡಾಗ, ಮೂರ್ನಾಲ್ಕು ವರ್ಷದ ಮೇಲೆ, ಒಂದು ಸಾಲು ಬಿಟ್ಟು ಒಂದು ಸಾಲು ತೆಗೆದರೆ 4 ಮೀಟರ್ ಅಂತರಕ್ಕೆ 250. ಎರಡೂ ಸುತ್ತು ಒಟ್ಟಿಗೆ ಬೇಡ. ಸಪೂರ ಗಿಡಕ್ಕೆ ಒಮ್ಮೆಲೇ ಬೆಳಕು ಸುರಿದರೆ ಕಾಂಡದ ತುಂಬ ಚಿಗುರೊಡೆದು ಹಲಗೆಯಲ್ಲಿ ಗಂಟು ಬೀಳುತ್ತದೆ, ಗಾಳಿಗೆ ಗಿಡ ಬಾಗುತ್ತದೆ. ಕಡಿದ ಬೊಡ್ಡೆಯೂ ಚಿಗುರುತ್ತದೆ. ಮೊದಲ ಮಳೆಗಾಲದಲ್ಲಿ ಆ ಚಿಗುರನ್ನು ಎರಡು ಬಾರಿ ಕತ್ತರಿಸಿ.

ಬೆಳಕಿನ ಹಿಂದೆಯೇ ಲಂಟಾನ ಎಂಬ ಕಳೆಕಂಟಿ ನುಗ್ಗುತ್ತದೆ. ಕೊಯ್ದರೆ ದುಪ್ಪಟ್ಟು ಚಿಗುರುತ್ತದೆ, ಆದ್ದರಿಂದ ನೆಲ ಹಸಿಯಿದ್ದಾಗ, ಹಣ್ಣಾಗುವ ಮೊದಲೇ ಬುಡಸಮೇತ ಕಿತ್ತುಹಾಕಿ. ಉಳಿದ ಕಂಟಿ ಮುಟ್ಟಬೇಡಿ. ಹಳ್ಳದ ದಂಡೆಗೆ 10 ಮೀಟರ್ ಬಿಟ್ಟು ಅಲ್ಲಿ ಹೊಂಗೆ, ನೇರಳೆ, ಅತ್ತಿ ಹಚ್ಚಿ. ಹಾದಿಯಿಂದ ದೂರದಲ್ಲಿ ಎಕರೆಗೆ ಎರಡು ಒಣಮರ ನಿಲ್ಲಲಿ. ಮರಕುಟಿಗ ಕೊರೆದ ಪೊಟರೆಗೆ ನಾಳೆ ಮೈನಾ, ಗಿಳಿ ಬರುತ್ತವೆ. ಮುಂಗಾರಿನ ಎಳೆ ಎಲೆ ತಿನ್ನುವ ಹುಳವನ್ನು ಹಕ್ಕಿಗಳು ಪೂರ್ತಿ ತಡೆಯಲಾರವು, ಆದರೂ ಎಷ್ಟೋ ತಿನ್ನುತ್ತವೆ. ಎಲೆ ಮತ್ತೆ ಬರುತ್ತದೆ, ಔಷಧ ಹೊಡೆಯಬೇಡಿ.

ಹಕ್ಕಿಯಿಂದ ಬರುವ ಒಂದು ತೊಂದರೆಯನ್ನೂ ಹೇಳಲೇಬೇಕು. ಮರದ ಮೇಲೇ ಬೆಳೆಯುವ ಬದನಿಕೆ ಗಿಡದ ಹಣ್ಣು ತಿಂದ ಪುಟ್ಟ ಹಕ್ಕಿ ಅಂಟಿನ ಬೀಜವನ್ನು ಟೊಂಗೆಗೆ ಒರೆಸಿ ಹೋಗುತ್ತದೆ. ಬೀಜ ಅಲ್ಲೇ ಮೊಳೆತು ಮರದ ನೀರು ಹೀರುತ್ತದೆ. ಸಾಗವಾನಿ ಎಲೆ ಉದುರಿದಾಗ ಹಸಿರು ಪೊದೆ ಎದ್ದು ಕಾಣುತ್ತದೆ. ಅದು ಹತ್ತಿದ ಜಾಗದಿಂದ ಕೆಳಗೆ, ಟೊಂಗೆ ಸಮೇತ ಕತ್ತರಿಸಿ.

ಮೇಲಿನ ಎರಡು ಎಕರೆ ಹುಲ್ಲುಗುಡ್ಡಕ್ಕೂ ಅಕೇಶಿಯಾ ಹಾಕಲೇ ಎಂದಿದ್ದೀರಿ. ದಯವಿಟ್ಟು ಬೇಡ. 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿನ ಕೃಷ್ಣಮೃಗದ ಬಯಲಲ್ಲಿ ನೀಲಗಿರಿ ನೆಡುತೋಪು ಹಬ್ಬಿತು. ಬಯಲನ್ನೇ ನಂಬಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿ ಈಗ ಅಲ್ಲಿ ಕಾಣುವುದಿಲ್ಲ. ನಿಮ್ಮ ಗುಡ್ಡದ ಹುಲ್ಲು ಬೀಜ ಉದುರಿಸಿದ ಮೇಲೆ ಮೇವಿಗೆ ಕೊಯ್ಯಿರಿ, ಪ್ರತಿವರ್ಷ ಒಂದು ಪಟ್ಟಿ ಕೊಯ್ಯದೆ ಬಿಡಿ. ಅಲ್ಲಿ ಗಿಡ ಹಚ್ಚಲು ಗುಂಡಿ ತೋಡಬೇಡಿ.

- ಸಂ.