ಒದ್ದ ಬಕೆಟ್ಟೂ ಚೆಲ್ಲಿದ ಬೀನ್ಸೂ

‘ಹಿ ಕಿಕ್ಡ್ ದ ಬಕೆಟ್’ (ಅವನು ಸತ್ತ ಅನ್ನೋದಕ್ಕೆ ಇಂಗ್ಲಿಷ್ ನುಡಿಗಟ್ಟು) ಅನ್ನೋದನ್ನು ‘ದ ಬಕೆಟ್ ವಾಸ್ ಕಿಕ್ಡ್ ಬೈ ಹಿಮ್’ ಎಂದು ಕರ್ಮಣಿ ಪ್ರಯೋಗಕ್ಕೆ (ಪ್ಯಾಸಿವ್) ಬದಲಾಯಿಸಿದ್ದಕ್ಕೆ ಮಾರ್ಕ್ಸ್ ಯಾಕೆ ಹೋಯಿತು ಎಂದು ಕೇಳಿದ್ದೀರಿ. ವ್ಯಾಕರಣ ಸರಿಯೇ ಇದೆ. ಆದರೆ ಸತ್ತವನು ಎದ್ದು ಕೂತುಬಿಟ್ಟ! ಈಗ ಅವನು ಬಚ್ಚಲಮನೆಯ ಬಕೆಟ್ ಒದ್ದ ಅಂತಷ್ಟೇ ಅರ್ಥ. (ನಮ್ಮ ಕಡೆ ಬಕೆಟ್ ಹಿಡಿಯೋರೇ ಜಾಸ್ತಿ, ಒದೆಯೋರು ಕಮ್ಮಿ.)

ಮಂಡ್ಯದಲ್ಲಿ ಟ್ಯೂಷನ್ ಮಾಡುವ ನಾನು ಇದನ್ನು ಹುಡುಗರಿಗೆ ಕನ್ನಡದಲ್ಲೇ ತೋರಿಸುತ್ತೇನೆ. ‘ಸಾಲ ಮಾಡಿ ಕಂಬಿ ಕಿತ್ತ’ ಅಂದರೆ ಓಡಿಹೋದ. ‘ಅವನಿಂದ ಕಂಬಿ ಕೀಳಲ್ಪಟ್ಟಿತು’ ಅಂದರೆ? ಕಿಟಕಿ ರಿಪೇರಿ ಮಾಡಿದ ಹಾಗಾಯ್ತು, ಅಲ್ವಾ?

ಎಲ್ಲ ನುಡಿಗಟ್ಟೂ ಹೀಗೆ ಕೈಕೊಡುವುದಿಲ್ಲ. ‘ಸ್ಪಿಲ್ ದ ಬೀನ್ಸ್’ನಲ್ಲಿ ಬೀನ್ಸ್ ಅಂದರೆ ಗುಟ್ಟು, ಚೆಲ್ಲುವುದು ಅಂದರೆ ಬಾಯಿಬಿಡುವುದು. ಬಿಡಿ ಪದಕ್ಕೂ ಅರ್ಥ ಹೊಂದುತ್ತದೆ. ಅದಕ್ಕೇ ‘ದ ಬೀನ್ಸ್ ವರ್ ಸ್ಪಿಲ್ಡ್’ ಧಾರಾಳವಾಗಿ ನಡೆಯುತ್ತದೆ. ‘ಸ್ಟ್ರಿಂಗ್ಸ್ ವರ್ ಪುಲ್ಡ್’ (ವಶೀಲಿ ನಡೆಯಿತು) ಕೂಡ. ವಶೀಲಿ ಮಾಡಿದ್ದು ಯಾರು ಅಂತ ಹೇಳದೆ ಜಾರಿಕೊಳ್ಳಲು ಅದೇ ಅನುಕೂಲ. ಬಕೆಟ್ಟಿಗೆ ಮಾತ್ರ ತನ್ನದೇ ಬೇರೆ ಅರ್ಥ ಇಲ್ಲ, ಮೂರೂ ಪದ ಸೇರಿದರಷ್ಟೇ ಸಾವು.

ಮಜಾ ಇರುವುದು ‘ಟೇಕ್ ಅಡ್ವಾಂಟೇಜ್ ಆಫ್’ನಲ್ಲಿ, ಅಂದರೆ ಒಬ್ಬರನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುವುದು. ಇದಕ್ಕೆ ಎರಡು ಥರ ಪ್ಯಾಸಿವ್ ಇದೆ. ‘ಹಿ ವಾಸ್ ಟೇಕನ್ ಅಡ್ವಾಂಟೇಜ್ ಆಫ್’, ‘ಅಡ್ವಾಂಟೇಜ್ ವಾಸ್ ಟೇಕನ್ ಆಫ್ ಹಿಮ್’ ಎರಡೂ ಸರಿ. ಸುಮ್ನೆ ಗೊಂದಲ ಬೇಡ, ಮೊದಲನೆಯದನ್ನೇ ಬರೆಯಿರಿ.