ಲೂಪ್ ಓಡುವಾಗಲೇ ಡಿಕ್ಷನರಿಯಿಂದ ಕೀ ಅಳಿಸಬಹುದೇ?

ಪ್ರಶ್ನೆ: ಪೈಥಾನ್ 3 ಕಲಿಯುತ್ತಿದ್ದೇನೆ. 'ಸ್ಟಾಕ್' ಎಂಬ ಡಿಕ್ಷನರಿಯಲ್ಲಿ (ಕೀ ಎಂಬ ಹೆಸರು, ಅದರ ಬೆಲೆ ಹೀಗೆ ಜೋಡಿಗಳ ಸಂಗ್ರಹ) ಪೆನ್ನು 0, ಪುಸ್ತಕ 12, ರಬ್ಬರ್ 0 ಎಂದಿದೆ. ಸೊನ್ನೆ ಇರುವುದನ್ನೆಲ್ಲ ಫಾರ್ ಲೂಪ್ ಒಳಗೆ ಡೆಲ್ ಬಳಸಿ ಅಳಿಸಲು ಹೋದರೆ ರನ್‌ಟೈಮ್ ಎರರ್ ಬರುತ್ತದೆ. ಡಿಕ್ಷನರಿಯ ಗಾತ್ರ ಬದಲಾಯಿತು ಅನ್ನುತ್ತದೆ. ತಪ್ಪೆಲ್ಲಿ?

ಉತ್ತರ: ಡೆಲ್ ಬಳಸಿದ್ದು ತಪ್ಪಲ್ಲ, ಬಳಸಿದ ಹೊತ್ತು ತಪ್ಪು. ಲೂಪ್ ಶುರುವಾಗುವಾಗ ಎಷ್ಟು ಕೀಗಳಿವೆ ಎಂದು ಪೈಥಾನ್ ನೆನಪಿಟ್ಟುಕೊಳ್ಳುತ್ತದೆ. ನಿಮ್ಮಲ್ಲಿ 3 ಇದ್ದವು. ಮೊದಲ ಸುತ್ತಿನಲ್ಲೇ ಪೆನ್ನು ಹೋಯಿತು, ಉಳಿದದ್ದು 2. ಮುಂದಿನ ಕೀ ಕೇಳಿದ ಕೂಡಲೇ ಲೆಕ್ಕ ತಾಳೆಯಾಗದೆ ಲೂಪ್ ನಿಂತುಬಿಡುತ್ತದೆ.

ಎರರ್ ಬಂದ ಮೇಲೆ ಡಿಕ್ಷನರಿಯನ್ನು ಒಮ್ಮೆ ಪ್ರಿಂಟ್ ಮಾಡಿ ನೋಡಿ. ಪೆನ್ನು ಇಲ್ಲ, ಆದರೆ ಅಳಿಸಬೇಕಿದ್ದ ರಬ್ಬರ್ ಹಾಗೇ ಕೂತಿದೆ. ನನಗೆ ಎರರ್‌ಗಿಂತ ಜಾಸ್ತಿ ಭಯ ಇದರದ್ದೇ. ಸುಮ್ನೆ ಟ್ರೈ, ಎಕ್ಸೆಪ್ಟ್ ಹಾಕಿ ಎರರ್ ಮುಚ್ಚಿಟ್ಟರೆ, ಅರ್ಧ ಅಳಿಸಿದ ಡೇಟಾ ಇಟ್ಟುಕೊಂಡೇ ಪ್ರೋಗ್ರಾಂ ಮುಂದೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಲೂಪ್‌ಗೆ 'ಸ್ಟಾಕ್' ಅನ್ನು ನೇರವಾಗಿ ಕೊಡದೆ, ಲಿಸ್ಟ್ ಫಂಕ್ಷನ್ ಒಳಗೆ ಹಾಕಿ ಕೊಡಿ. ಆಗ ಕೀಗಳ ಪಟ್ಟಿ ಮೊದಲೇ ಬೇರೆಯಾಗಿ ತಯಾರಾಗುತ್ತದೆ. ಓಡುವುದು ಆ ಪಟ್ಟಿಯ ಮೇಲೆ, ಅಳಿಸುವುದು ಡಿಕ್ಷನರಿಯಿಂದ. ಪೈಥಾನ್ 2ರಲ್ಲಿ ಕೀಸ್ ಮೆಥಡ್ ಕರೆದರೆ ಪಟ್ಟಿಯೇ ಸಿಗುತ್ತಿತ್ತು. ಹಳೆಯ ಪಾಠಗಳಲ್ಲಿ ನಡೆಯುತ್ತಿದ್ದ ಕೋಡ್ ಈಗ ಕೈಕೊಡುವುದು ಅದಕ್ಕೇ.

ಬೇಕಾದದ್ದನ್ನು ಮಾತ್ರ ಆರಿಸಿ ಹೊಸ ಡಿಕ್ಷನರಿ ಕಟ್ಟುವ ಕಾಂಪ್ರಹೆನ್ಷನ್ ನನಗೆ ಇನ್ನೂ ಇಷ್ಟ, ಒಂದೇ ಸಾಲಲ್ಲಿ ಮುಗಿಯುತ್ತದೆ. ಆದರೆ ಬೇರೆ ವೇರಿಯೇಬಲ್ ಯಾವುದಾದರೂ ಹಳೆಯ ಡಿಕ್ಷನರಿಯನ್ನೇ ಹಿಡಿದುಕೊಂಡಿದ್ದರೆ, ಅದಕ್ಕೆ ಸೊನ್ನೆಗಳೂ ಕಾಣುತ್ತಲೇ ಇರುತ್ತವೆ. ಅಂಥ ಕಡೆ ಲಿಸ್ಟ್ ದಾರಿಯೇ ಸರಿ.

ಒಂದೇ ಕೀ ತೆಗೆಯುವುದಿದ್ದು, ಅದು ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಪಾಪ್ ಬಳಸಿ, ಎರಡನೆಯ ಆರ್ಗ್ಯುಮೆಂಟ್ ಆಗಿ None (ಏನೂ ಇಲ್ಲ ಎಂಬ ಬೆಲೆ) ಕೊಡಿ. ಕೀ ಇಲ್ಲದಿದ್ದರೂ ಕೀಎರರ್ ಬರುವುದಿಲ್ಲ.

ಎಲ್ಲ ಭಾಷೆಗಳೂ ಹೀಗೇ ಅಲ್ಲ. ಗೋ ಭಾಷೆಯಲ್ಲಿ ಡಿಕ್ಷನರಿಯಂತೆ ಇರುವ ಮ್ಯಾಪ್‌ನಲ್ಲಿ ಲೂಪ್ ನಡುವೆಯೇ ಅಳಿಸಬಹುದು. ಜಾವಾದಲ್ಲಿ ಅದೇ ಕೆಲಸದ ಹ್ಯಾಶ್‌ಮ್ಯಾಪ್ ಮಾತ್ರ ಮೋಸ ಮಾಡುತ್ತದೆ: ನಡುವೆ ಅಳಿಸಿದರೆ ಎಕ್ಸೆಪ್ಷನ್ ಕೊಡುತ್ತದೆ, ಲೂಪಿನ ಕೊನೆಯ ಸುತ್ತಿನಲ್ಲಿ ಅಳಿಸಿದರೆ ಸುಮ್ಮನಿರುತ್ತದೆ. ಟೆಸ್ಟ್‌ನಲ್ಲಿ ಒಂದೇ ಒಂದು ಎಂಟ್ರಿ ಇದ್ದರೆ ತಪ್ಪು ಗೊತ್ತೇ ಆಗುವುದಿಲ್ಲ ಅಲ್ವಾ? ಅಲ್ಲಿ ಜಾವಾ 8ರಿಂದ ಇರುವ, ಷರತ್ತಿಗೆ ಹೊಂದುವುದನ್ನು ಅಳಿಸುವ ರಿಮೂವ್‌ಇಫ್ ಅನ್ನು ಎಂಟ್ರಿಸೆಟ್ (ಎಲ್ಲ ಜೋಡಿಗಳ ಗುಂಪು) ಮೇಲೆ ಬಳಸಿ.