10 ನಿಮಿಷಕ್ಕೊಂದು ಬಸ್ ಅಂತಾರೆ, ಆದರೆ 20 ನಿಮಿಷ ಕಾದ ಮೇಲೆ ಎರಡು ಒಟ್ಟಿಗೆ ಬರುತ್ತವೆ. ಇದು ನನ್ನ ಹಣೆಬರಹವೋ, ಡ್ರೈವರ್‌ಗಳ ಆಟವೋ?

ಎರಡೂ ಅಲ್ಲ. ಆದರೆ ನಿಮ್ಮ ಸಿಟ್ಟು ನನಗೆ ಚೆನ್ನಾಗಿ ಗೊತ್ತು. ಎಷ್ಟೋ ವರ್ಷ ನಾನೂ ಇದೇ ಪ್ರಶ್ನೆ ಹೊತ್ತುಕೊಂಡು ಸ್ಟಾಪಿನಲ್ಲಿ ನಿಂತಿದ್ದವನೇ. ಡ್ರೈವರ್‌ಗಳು ಮಾತಾಡಿಕೊಂಡು ಜೊತೆಯಾಗಿ ಬರುತ್ತಾರೆ ಅಂತಲೇ ನಂಬಿದ್ದೆ.

ಒಂದು ಬೆಳಿಗ್ಗೆ ಬಸ್ ಬಂತು. ಬಾಗಿಲಲ್ಲೇ ಐದಾರು ಜನ ಜೋತಾಡುತ್ತಿದ್ದರು. ಕಂಡಕ್ಟರ್ ಒಳಗಿನಿಂದ ಕೂಗಿದರು: "ಹಿಂದೆ ಖಾಲಿ ಬಸ್ ಬರ್ತಿದೆ, ಅದಕ್ಕೆ ಹತ್ತಿ!" ಯಾರಾದರೂ ನಂಬುತ್ತಾರೆಯೇ? ನಾವೆಲ್ಲ ನುಗ್ಗಿದೆವು. ನನ್ನ ಬ್ಯಾಗ್ ಯಾರದೋ ಮೊಣಕೈಗೆ ಸಿಕ್ಕಿಕೊಂಡಿತು. ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ಎಲ್ಲಿತ್ತೋ ನೆನಪಿಲ್ಲ. ಮುಂದಿನ ಸ್ಟಾಪಿನಲ್ಲಿ ನಮ್ಮ ಬಸ್ಸಿಗೆ ಇನ್ನಷ್ಟು ಜನ ಹತ್ತಲು ಒದ್ದಾಡುತ್ತಿದ್ದಾಗ, ಅದೇ ನಂಬರಿನ ಇನ್ನೊಂದು ಬಸ್ ಪಕ್ಕದಲ್ಲೇ ಹಾದು ಹೋಯಿತು. ಕಿಟಕಿಯ ಪಕ್ಕ ಒಬ್ಬರು ತಲೆ ವಾಲಿಸಿ ಹಾಯಾಗಿ ನಿದ್ದೆ ಮಾಡುತ್ತಿದ್ದರು. ಅವರ ಬ್ಯಾಗಿಗೂ ಒಂದು ಸೀಟು ಸಿಕ್ಕಿತ್ತು!

ಕಂಡಕ್ಟರ್ ನಿಜವನ್ನೇ ಹೇಳಿದ್ದರು. ಆ ಮಾತಿನ ಹಿಂದೆ ಲೆಕ್ಕ ಇದೆ ಅಂತ ಗೊತ್ತಾಗಿದ್ದು ಆಮೇಲೆ.

ಲೆಕ್ಕ ಹೀಗಿದೆ. ಒಂದು ಸ್ಟಾಪಿಗೆ ನಿಮಿಷಕ್ಕೆ ಇಬ್ಬರು ಬರುತ್ತಾರೆ ಅಂದುಕೊಳ್ಳಿ. 10 ನಿಮಿಷಕ್ಕೆ ಬಸ್ ಬಂದರೆ 20 ಜನ ಇರುತ್ತಾರೆ. ಒಬ್ಬರು ಹತ್ತಲು 3 ಸೆಕೆಂಡ್ ಅಂದರೆ ಒಂದು ನಿಮಿಷದ ಕೆಲಸ. ಈಗ ಆ ಬಸ್ಸು ಒಂದು ಸಿಗ್ನಲ್‌ನಲ್ಲಿ ಸಿಕ್ಕಿ 2 ನಿಮಿಷ ತಡವಾಯಿತು. ಅಷ್ಟರಲ್ಲಿ ಸ್ಟಾಪಿನಲ್ಲಿ 24 ಜನ ಸೇರಿರುತ್ತಾರೆ. ಹತ್ತಿಸಿಕೊಳ್ಳಲು 72 ಸೆಕೆಂಡ್ ಬೇಕು. ಅಂದರೆ ಇನ್ನೂ 12 ಸೆಕೆಂಡ್ ತಡ. ಮುಂದಿನ ಸ್ಟಾಪಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಜನ, ಇನ್ನೂ ಸ್ವಲ್ಪ ತಡ. ಬಡ್ಡಿ ಮೇಲೆ ಬಡ್ಡಿ ಬೆಳೆದ ಹಾಗೆ. ಇಂಥ 10 ಸ್ಟಾಪ್ ದಾಟುವಷ್ಟರಲ್ಲಿ ಆ 2 ನಿಮಿಷದ ತಡ 5 ನಿಮಿಷ ಮೀರಿರುತ್ತದೆ. ಇಳಿಯುವವರು ರಶ್ಶಿನಲ್ಲಿ ಬಾಗಿಲ ತನಕ ಬರಲು ತೆಗೆದುಕೊಳ್ಳುವ ಹೊತ್ತು ಬೇರೆ.

ಹಿಂದಿನ ಬಸ್ಸಿನ ಕಥೆ ಇದಕ್ಕೆ ತಿರುಗುಮುರುಗು. ಅದರ ಜನರನ್ನೆಲ್ಲ ಮುಂದಿನದೇ ಬಾಚಿಕೊಂಡು ಹೋಗಿರುತ್ತದೆ. ಸ್ಟಾಪಿನಲ್ಲಿ ಇಬ್ಬರೋ ಮೂವರೋ ಸಿಗುತ್ತಾರೆ. ಹತ್ತಿಸಿಕೊಂಡು ಹೊರಟೇಬಿಡುತ್ತದೆ. ಡ್ರೈವರ್ ಜೋರಾಗಿ ಓಡಿಸಬೇಕಾಗಿಯೇ ಇಲ್ಲ, ಸುಮ್ನೆ ಬಂದರೂ ಮುಂದಿನ ಬಸ್ಸನ್ನು ಹಿಡಿಯುತ್ತದೆ. ಒಮ್ಮೆ ಹಿಡಿದ ಮೇಲೆ ಎರಡೂ ತಾವಾಗಿ ಬೇರೆಯಾಗುವುದು ಕಷ್ಟ. ಅದಕ್ಕೇ ಜೋಡಿಯಲ್ಲಿ ಮೊದಲನೆಯದು ಸಾಮಾನ್ಯವಾಗಿ ತುಂಬಿರುತ್ತದೆ, ಎರಡನೆಯದು ಖಾಲಿ. 1964ರಲ್ಲೇ ಗಾರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರಿ ಪಾಟ್ಸ್ ಅನ್ನುವ ಇಬ್ಬರು ಇದನ್ನು ಗಣಿತದಲ್ಲಿ ತೋರಿಸಿದ್ದರು. ಅಂದರೆ ನಮ್ಮ ಗೊಣಗಾಟಕ್ಕೆ ಉತ್ತರ ಸಿಕ್ಕಿ 60 ವರ್ಷ ದಾಟಿದೆ, ಬಸ್ಸುಗಳು ಮಾತ್ರ ಇನ್ನೂ ಜೋಡಿಯಾಗಿಯೇ ಬರುತ್ತಿವೆ.

ಇನ್ನು ನಿಮ್ಮ ಹಣೆಬರಹದ ವಿಷಯ. ನನಗೆ ತುಂಬ ಇಷ್ಟವಾದ ಭಾಗ ಇದು. ಕೆಲವು ದಿನ ಸ್ಟಾಪಿನಲ್ಲಿ ನಿಂತು ಬಸ್ ಬಂದ ಹೊತ್ತನ್ನು ಮೊಬೈಲಿನಲ್ಲಿ ಬರೆದಿಟ್ಟೆ. (ಪಕ್ಕದಲ್ಲಿದ್ದವರು ನನ್ನನ್ನು ಚೆಕಿಂಗ್‌ನವನು ಅಂದುಕೊಂಡರು.) ಒಂದು ದಿನದ್ದು ಇಲ್ಲಿದೆ: 8.02, 8.21, 8.23, 8.41, 8.42. ನಡುವಿನ ಅಂತರ 19, 2, 18, 1 ನಿಮಿಷ. ಕೂಡಿದರೆ 40. ನಾಲ್ಕರಿಂದ ಭಾಗಿಸಿ, ಸರಿಯಾಗಿ 10! ಬೋರ್ಡು ಸುಳ್ಳು ಹೇಳಿಲ್ಲ.

ಆದರೆ ನೀವು ಸ್ಟಾಪಿಗೆ ಬರುವುದು ಗಡಿಯಾರ ನೋಡಿಕೊಂಡಲ್ಲ, ಮನೆಯಿಂದ ಹೊರಟಾಗ. ಆ 40 ನಿಮಿಷದಲ್ಲಿ ಯಾವ ಗಳಿಗೆಯಲ್ಲಿ ಬೇಕಾದರೂ ಬರಬಹುದು. 37 ನಿಮಿಷ ಆ ಎರಡು ದೊಡ್ಡ ಅಂತರಗಳ ಪಾಲು. ಚಿಕ್ಕ ಅಂತರಗಳ ಪಾಲು ಬರೀ 3 ನಿಮಿಷ. ಹಾಗಾಗಿ ಹತ್ತರಲ್ಲಿ ಒಂಬತ್ತು ಸಲ ನೀವು ಬಂದು ಬೀಳುವುದು ದೊಡ್ಡ ಅಂತರದೊಳಗೇ. ಬಸ್ಸುಗಳು ಸಮನಾಗಿ ಬಂದರೆ ಸರಾಸರಿ 5 ನಿಮಿಷ ಕಾದರೆ ಸಾಕಿತ್ತು. ಈ ಪಟ್ಟಿಯಲ್ಲಿ ಅದು ಎಂಟೂವರೆ ನಿಮಿಷ ದಾಟುತ್ತದೆ. ಬಸ್ಸಿನ ಸಂಖ್ಯೆ ಅಷ್ಟೇ, ಡೀಸೆಲ್ ಅಷ್ಟೇ, ಕಾಯುವುದು ಮಾತ್ರ ಜಾಸ್ತಿ. ಕಚೇರಿಯಲ್ಲಿ ಕೂತು ಟ್ರಿಪ್ ಎಣಿಸುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಅವರು ಬಸ್ ಎಣಿಸುತ್ತಾರೆ. ನೀವು ಎಣಿಸುವುದು ನಿಮಿಷ.

ಇದಕ್ಕೆ ಮದ್ದಿಲ್ಲವೇ ಅಂದರೆ, ಇದೆ. ಹಳೆಯ ಉಪಾಯ ಅಂದರೆ ನಡುದಾರಿಯ ಒಂದೆರಡು ಸ್ಟಾಪಿನಲ್ಲಿ ಬೇಗ ಬಂದ ಬಸ್ಸನ್ನು ತಡೆದು ನಿಲ್ಲಿಸುವುದು. ಬಸ್ ಸುಮ್ನೆ ನಿಂತಾಗ ಒಳಗೆ ಕೂತ ನಾವು "ಯಾಕ್ರೀ ಹೊರಡ್ತಿಲ್ಲ" ಅಂತ ಬಯ್ಯುತ್ತೇವಲ್ಲ, ಕೆಲವೊಮ್ಮೆ ಕಾರಣ ಇದೇ. ಇನ್ನೊಂದು, ಹತ್ತುವ ಹೊತ್ತನ್ನೇ ಕಡಿಮೆ ಮಾಡುವುದು. ಬ್ರೆಜಿಲ್‌ನ ಕುರಿಟಿಬಾ ನಗರದಲ್ಲಿ 1991ರಿಂದ ಕೊಳವೆಯಂಥ ಬಸ್ ನಿಲ್ದಾಣಗಳಿವೆ. ಒಳಗೆ ಹೋಗುವಾಗಲೇ ಟಿಕೆಟ್ ಹಣ ಕೊಟ್ಟಾಗಿರುತ್ತದೆ, ನಿಲ್ದಾಣದ ನೆಲ ಬಸ್ಸಿನ ನೆಲಕ್ಕೆ ಸಮ. ಮೆಟ್ಟಿಲು ಹತ್ತುವ, ಚಿಲ್ಲರೆ ಹುಡುಕುವ ಕೆಲಸವೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2012ರಿಂದ ಯಾವ ಬಾಗಿಲಿನಿಂದ ಬೇಕಾದರೂ ಹತ್ತಬಹುದು. ನನ್ನ ಕೇಳಿದರೆ, ಹೊಸ ಬಸ್ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು.

ಒಂದು ಅಡ್ಡಮಾತು. ಲೆಕ್ಕದ ಪಾಠದಲ್ಲಿ ಬರುವ ಬ್ಲೇಸ್ ಪ್ಯಾಸ್ಕಲ್ ಇದ್ದಾನಲ್ಲ, 1662ರಲ್ಲಿ ಪ್ಯಾರಿಸ್‌ನಲ್ಲಿ ಗೊತ್ತಾದ ದಾರಿಯಲ್ಲಿ ಓಡುವ ಕುದುರೆಗಾಡಿಗಳನ್ನು ಶುರು ಮಾಡಿಸಿದವನು ಅವನೇ. ಜನ ಇಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಖಾಲಿ ಗಾಡಿಯಾದರೂ ಹೊರಡಬೇಕು ಅನ್ನುವುದು ಅಲ್ಲಿನ ನಿಯಮ. ಹೊರಡುವ ಜಾಗದಲ್ಲಿ ಶಿಸ್ತು ಇಡುವುದು ಆಗಲೇ ಗೊತ್ತಿತ್ತು ನೋಡಿ. ತೊಂದರೆ ಇರುವುದು ದಾರಿಯಲ್ಲಿ.

ಮೆಟ್ರೋದಲ್ಲೂ ಇದೇ ಕಥೆ. ಆದರೆ ಅಲ್ಲಿ ಸಿಗ್ನಲ್ ವ್ಯವಸ್ಥೆ ಎರಡು ರೈಲನ್ನು ಹತ್ತಿರ ಬರಲು ಬಿಡುವುದಿಲ್ಲ. ಮುಚ್ಚುವ ಬಾಗಿಲಿಗೆ ಯಾರೋ ಬ್ಯಾಗ್ ಅಡ್ಡ ಹಿಡಿದು ಗೆಳೆಯನನ್ನು ಹತ್ತಿಸಿಕೊಂಡರೆ, ಹಿಂದಿನ ರೈಲು ಸುರಂಗದ ನಡುವೆ ನಿಂತು ಕಾಯುತ್ತದೆ.

ಈಗ ನಿಮ್ಮ ಕೈಯಲ್ಲಿ ಇರುವುದು. ತುಂಬ ಹೊತ್ತು ಕಾದ ಮೇಲೆ ತುಂಬಿ ತುಳುಕುವ ಬಸ್ ಬಂದರೆ, ಹತ್ತುವ ಮೊದಲು ಅದರ ಹಿಂದೆ ಒಮ್ಮೆ ಕಣ್ಣು ಹಾಯಿಸಿ. ಬಸ್ ಎಲ್ಲಿದೆ ಅಂತ ತೋರಿಸುವ ಆ್ಯಪ್ ನಿಮ್ಮ ಊರಲ್ಲಿದ್ದರೆ ಇನ್ನೂ ಒಳ್ಳೆಯದು. ಹಿಂದಿನದು ಒಂದೆರಡು ನಿಮಿಷದ ದೂರದಲ್ಲಿದ್ದರೆ ಮೊದಲನೆಯದನ್ನು ಬಿಟ್ಟುಬಿಡಿ. ತಲುಪುವುದು ಹೆಚ್ಚುಕಡಿಮೆ ಒಟ್ಟಿಗೇ. ಎಷ್ಟೋ ಸಲ ಖಾಲಿ ಬಸ್ಸೇ ಮುಂದೆ ಹೋಗಿರುತ್ತದೆ. ಬಸ್ ಹೊರಡುವ ಮೊದಲ ಸ್ಟಾಪು ನಡೆಯುವಷ್ಟು ಹತ್ತಿರ ಇದ್ದರೆ ಅಲ್ಲಿಗೇ ಹೋಗಿ ಹತ್ತಿ. ಅಲ್ಲಿ ಅಂತರ ಇನ್ನೂ ಕೆಟ್ಟಿರುವುದಿಲ್ಲ, ಸೀಟೂ ಸಿಗುತ್ತದೆ. ಇನ್ನು ಕೆಲಸಕ್ಕೆ ಹೊರಡುವ ಹೊತ್ತನ್ನು ಬೋರ್ಡಿನ 10 ನಿಮಿಷ ನಂಬಿ ಗೊತ್ತುಮಾಡಬೇಡಿ. ನಿಮ್ಮದೇ ಒಂದು ವಾರದ ಪಟ್ಟಿ ಬರೆದಿಟ್ಟು, ಅದರಲ್ಲಿರುವ ದೊಡ್ಡ ಅಂತರಕ್ಕೆ ತಕ್ಕಂತೆ ಹೊರಡಿ.

ಒಂದು ಎಚ್ಚರಿಕೆ ಮಾತ್ರ. ಜೋಡಿಯಾಗಿ ಬಂದ ಎರಡನೇ ಬಸ್ಸನ್ನು ಕೆಲವೊಮ್ಮೆ ಅರ್ಧದಾರಿಯಲ್ಲೇ ತಿರುಗಿಸಿ ಕಳಿಸುತ್ತಾರೆ. ಹತ್ತುವಾಗ ಕೊನೆಯ ತನಕ ಹೋಗುತ್ತದೆಯೇ ಅಂತ ಕೇಳಿಕೊಳ್ಳಿ. ರಾತ್ರಿ ಕೊನೆಯ ಬಸ್ಸಿನ ಹೊತ್ತಲ್ಲಿ ಈ ಲೆಕ್ಕವೆಲ್ಲ ಬೇಡ, ಬಂದದ್ದಕ್ಕೆ ಹತ್ತಿಬಿಡಿ. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ, ತುಂಬಿದ ಬಸ್ಸನ್ನು ಬಿಟ್ಟು ಹಿಂದಿನದಕ್ಕೆ ಕಾದೆ. ಹಿಂದೆ ಯಾವುದೂ ಇರಲಿಲ್ಲ. ಮನೆ ತಲುಪಲು ಒಂದು ಗಂಟೆ ನಡೆದೆ.